ಟ್ಯಾಂಕ್ ಇಲ್ಲದ ಗೀಸರ್, ಮೂರು ಡ್ರೈನ್ ಪೈಪುಗಳು

ನಾವು ದಿನಾ ಆಡುವ ‘ಗೀಸರ್’ ಎಂಬ ಪದ ಮೊದಲು ಒಂದು ಯಂತ್ರಕ್ಕೆ ಇಟ್ಟ ಹೆಸರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಗ್ಯಾಸ್ ಉರಿಯಲ್ಲಿ ನೀರು ಕಾಯಿಸುವ ಉಪಕರಣವೊಂದಕ್ಕೆ ಪೇಟೆಂಟ್ ಪಡೆದ. ಐಸ್‌ಲ್ಯಾಂಡಿನ ಬಿಸಿನೀರಿನ ಚಿಲುಮೆಯ ಹೆಸರನ್ನೇ ಅದಕ್ಕೂ ಇಟ್ಟ. ಅದರಲ್ಲಿ ನೀರು ತುಂಬಿಡುವ ಟ್ಯಾಂಕ್ ಇರಲಿಲ್ಲ. ನೀರು ಹರಿಯುತ್ತಲೇ ಕಾಯುತ್ತಿತ್ತು. ಅಂದರೆ ಇವತ್ತು ‘ಟ್ಯಾಂಕ್‌ಲೆಸ್’ ಅಂತ ಹೊಸದಾಗಿ ಮಾರುತ್ತಿರುವ ಹೀಟರ್ ನಿಜಕ್ಕೂ ಗೀಸರ್ ವಂಶದ ಹಿರಿಯಣ್ಣ.

ಇಂಥ ಹೀಟರ್ ಬಗ್ಗೆ ಓದುವಾಗ ನಾವೆಲ್ಲ ಬರ್ನರ್, ಹೀಟ್ ಎಕ್ಸ್‌ಚೇಂಜರ್, ಎಫಿಶಿಯೆನ್ಸಿ ಅಂತ ನೋಡ್ತೀವಿ. ಡ್ರೈನ್ ಪೈಪ್ ಕಡೆ ಯಾರೂ ನೋಡೋದಿಲ್ಲ. ಅದು ಪ್ಲಂಬರ್ ಕೆಲಸ, ಎಲ್ಲೋ ಒಂದು ಕಡೆ ಮೋರಿಗೆ ಬಿಟ್ಟರೆ ಆಯ್ತು ಅನ್ನೋ ಭಾವನೆ. ಆದರೆ ಹೀಟರ್‌ನಿಂದ ಆಗುವ ದೊಡ್ಡ ಅನಾಹುತಗಳನ್ನು ತಡೆಯುವ ಕೊನೆಯ ಬಾಗಿಲು ಈ ಪೈಪುಗಳೇ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಕಟ್ಟಡಗಳಿಗೆ ಪ್ಲಂಬಿಂಗ್ ಡ್ರಾಯಿಂಗ್ ಮಾಡುವ ಕಂಪನಿಗಳು ಎಷ್ಟೋ ಇವೆ. ನಮ್ಮಲ್ಲಿ ಕೆಲವರು ನಾಳೆ ಅಲ್ಲಿ ಕೆಲಸಕ್ಕೆ ಸೇರಬಹುದು. ಹಾಗಾಗಿ ಅಲ್ಲಿನ ಮನೆಯಲ್ಲಿ ಕೂರಿಸುವ ಒಂದು ಕಂಡೆನ್ಸಿಂಗ್ ಗ್ಯಾಸ್ ಹೀಟರನ್ನೇ ಉದಾಹರಣೆಗೆ ತಗೊಂಡು ಪಾಠ ಮಾಡೋಣ. ಅದರ ಇನ್‌ಪುಟ್ ಗಂಟೆಗೆ 1,99,000 ಬಿಟಿಯು, ಅಂದರೆ ಸುಮಾರು 58 ಕಿಲೋವ್ಯಾಟ್. ಅದರಲ್ಲಿ 55 ಕಿಲೋವ್ಯಾಟ್ ನೀರಿಗೆ ಸೇರುತ್ತೆ ಅಂತ ಇಟ್ಟುಕೊಳ್ಳೋಣ. ನೀರಿನ ತಾಪ 40 ಡಿಗ್ರಿ ಏರಬೇಕಾದರೆ ನಿಮಿಷಕ್ಕೆ ಸುಮಾರು 20 ಲೀಟರ್ ಬಿಸಿನೀರು ಸಿಗುತ್ತೆ.

ಈ ಹೀಟರ್‌ಗೆ ಮೂರು ಡ್ರೈನ್ ಇವೆ: ಪ್ರೆಶರ್ ರಿಲೀಫ್ ವಾಲ್ವ್‌ನಿಂದ ಬರುವ ಪೈಪ್, ಹೊಗೆಯಿಂದ ಇಳಿದ ನೀರು ಸಾಗಿಸುವ ಕಂಡೆನ್ಸೇಟ್ ಪೈಪ್, ಮತ್ತು ಸರ್ವಿಸ್ ಮಾಡುವಾಗ ನೀರು ಇಳಿಸುವ ಪೋರ್ಟ್. ಮೂರರಿಂದಲೂ ಬರೋದು ನೀರೇ ತಾನೇ, ಒಂದು ಟೀ ಹಾಕಿ ಸೇರಿಸಿ ಒಂದೇ ಪೈಪಲ್ಲಿ ಮೋರಿಗೆ ಬಿಡಬಾರದಾ? ಬಿಡಬಾರದು. ಯಾಕೆ ಅನ್ನೋದೇ ಈ ಲೇಖನ.

ಮೊದಲನೆಯದು: ರಿಲೀಫ್ ಪೈಪ್

ಟ್ಯಾಂಕೇ ಇಲ್ಲ ಅಂದಮೇಲೆ ಸಿಡಿಯೋಕೆ ಏನಿದೆ ಅನಿಸಬಹುದು. ಲೆಕ್ಕ ಹಾಕೋಣ. ಹೀಟ್ ಎಕ್ಸ್‌ಚೇಂಜರ್ ಒಳಗೆ ಒಂದು ಲೀಟರ್ ನೀರಿದೆ, ನಲ್ಲಿ ಮುಚ್ಚಿದೆ, ಆದರೆ ಫ್ಲೋ ಸೆನ್ಸರ್ ಕೆಟ್ಟು ಬರ್ನರ್ ಪೂರ್ತಿ ಉರಿಯುತ್ತಲೇ ಇದೆ ಅಂದುಕೊಳ್ಳಿ. 1 ಕೆಜಿ ನೀರನ್ನು 20ರಿಂದ 100 ಡಿಗ್ರಿಗೆ ಏರಿಸಲು ಬೇಕಾದ ಶಾಖ 4.18 × 80, ಅಂದರೆ 334 ಕಿಲೋಜೂಲ್. 55 ಕಿಲೋವ್ಯಾಟ್‌ನಲ್ಲಿ ಇದಕ್ಕೆ ಹಿಡಿಯುವ ಸಮಯ ಬರೀ 6 ಸೆಕೆಂಡ್. ನಮ್ಮ ಅಡುಗೆಮನೆಯ 3 ಲೀಟರ್, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್‌ಗೆ ಇದೇ ಕೆಲಸಕ್ಕೆ ಐದೂವರೆ ನಿಮಿಷ ಬೇಕು. ಟ್ಯಾಂಕ್ ಇಲ್ಲದಿದ್ದರೆ ಕೂಡಿಟ್ಟ ಶಕ್ತಿ ಕಡಿಮೆ, ನಿಜ. ಆದರೆ ತಪ್ಪಾದಾಗ ನಮಗೆ ಸಿಗುವ ಸಮಯವೂ ಅಷ್ಟೇ ಕಡಿಮೆ.

ಕುದಿಯುವ ತನಕವೂ ಕಾಯಬೇಕಿಲ್ಲ. ಮುಚ್ಚಿದ ಪೈಪಿನಲ್ಲಿ ನೀರು ಬಿಸಿಯಾದರೆ ಹಿಗ್ಗಲು ಜಾಗ ಇರೋದಿಲ್ಲ. 20 ಡಿಗ್ರಿ ಹತ್ತಿರ ನೀರಿನ ಹಿಗ್ಗುವ ಗುಣಾಂಕ ಡಿಗ್ರಿಗೆ 0.00021, ಬಲ್ಕ್ ಮಾಡ್ಯುಲಸ್ 2.2 ಗಿಗಾಪಾಸ್ಕಲ್. ಎರಡನ್ನೂ ಗುಣಿಸಿ: ಒಂದು ಡಿಗ್ರಿ ಏರಿದರೆ ಒತ್ತಡ ಸುಮಾರು 4.6 ಬಾರ್ ಏರುತ್ತೆ! ಇದು ಪೈಪ್ ಒಂಚೂರೂ ಹಿಗ್ಗದೇ ಇದ್ದರೆ ಬರುವ ಉತ್ತರ. ನಿಜವಾದ ಪೈಪು, ವಾಷರ್, ಒಳಗೆ ಸಿಕ್ಕಿಕೊಂಡ ಗಾಳಿ ಎಲ್ಲ ಸ್ವಲ್ಪ ಸಡಿಲ ಕೊಡುತ್ತವೆ. ಆದರೂ ಬೀದಿ ನೀರಿನ 3–4 ಬಾರ್ ಒತ್ತಡ ಬೇಗ 10 ಬಾರ್ ಮುಟ್ಟೋದು ಹೇಗೆ ಅಂತ ಈಗ ಅರ್ಥವಾಗುತ್ತೆ.

ರಿಲೀಫ್ ವಾಲ್ವ್ ಇರೋದು ಇದಕ್ಕೇ. ಅಮೆರಿಕದಲ್ಲಿ ಇದರ ಸಾಮಾನ್ಯ ಸೆಟ್ಟಿಂಗ್ 150 ಪಿಎಸ್ಐ, ಅಂದರೆ ಸುಮಾರು 10.3 ಬಾರ್. ಅದು ತೆರೆದಾಗ ಹೊರಬರುವ ಬಿಸಿನೀರನ್ನು ಸುರಕ್ಷಿತ ಜಾಗಕ್ಕೆ ಒಯ್ಯೋದು ರಿಲೀಫ್ ಪೈಪಿನ ಕೆಲಸ. ಅಮೆರಿಕದ ಹಲವು ರಾಜ್ಯಗಳು ಬಳಸುವ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್‌ನ 504.6ನೇ ವಿಭಾಗ ಈ ಪೈಪ್ ಹೇಗಿರಬೇಕು ಅಂತ ಪಟ್ಟಿ ಕೊಟ್ಟಿದೆ. ಪಟ್ಟಿ ಬಾಯಿಪಾಠ ಮಾಡೋದಕ್ಕಿಂತ ಒಂದೊಂದಕ್ಕೂ ಕಾರಣ ತಿಳಿದರೆ ಅದು ತಾನಾಗಿಯೇ ನೆನಪಿರುತ್ತೆ.

ವಾಲ್ವ್ ಬಾಯಿಗಿಂತ ಪೈಪ್ ಸಣ್ಣದಿರಬಾರದು. ವಾಲ್ವ್ ಔಟ್‌ಲೆಟ್ ಮುಕ್ಕಾಲು ಇಂಚು ಇದೆ, ಅಂಗಡಿಯಲ್ಲಿ ಅರ್ಧ ಇಂಚಿನ ಪೈಪ್ ಇದೆ, ರೆಡ್ಯೂಸರ್ ಹಾಕಿಬಿಡೋಣ ಅನ್ನೋದು ಸುಲಭ. ಅತಿ ಕೆಟ್ಟ ಸಂದರ್ಭ ನೋಡಿ. 55 ಕಿಲೋವ್ಯಾಟ್ ಪೂರ್ತಿ ಹಬೆಯಾದರೆ, ಲೇಟೆಂಟ್ ಹೀಟ್ 2257 ಕಿಲೋಜೂಲ್ ಲೆಕ್ಕದಲ್ಲಿ ಸೆಕೆಂಡಿಗೆ 24 ಗ್ರಾಂ ಹಬೆ, ವಾತಾವರಣದ ಒತ್ತಡದಲ್ಲಿ ಸುಮಾರು 40 ಲೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ 140 ಮೀಟರ್. ಅರ್ಧ ಇಂಚಿನಲ್ಲಿ 315 ಮೀಟರ್. ಡಾರ್ಸಿ-ವೈಸ್ಬಾಕ್ ಸೂತ್ರದ ಪ್ರಕಾರ ಅದೇ ಹರಿವಿಗೆ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮ. ವ್ಯಾಸ ಮುಕ್ಕಾಲಿನಿಂದ ಅರ್ಧಕ್ಕೆ ಇಳಿದರೆ ನಷ್ಟ ಏಳೂವರೆ ಪಟ್ಟು. ಆ ಒತ್ತಡವೆಲ್ಲ ವಾಲ್ವ್ ಬಾಯಿಗೇ ಎದುರು ನಿಂತು ಅದನ್ನು ಸರಿಯಾಗಿ ತೆರೆಯಲು ಬಿಡೋದಿಲ್ಲ.

ಎಲ್ಲೂ ಮುಚ್ಚುವ ಸಾಧ್ಯತೆ ಇರಬಾರದು. ಈ ಪೈಪಿನಲ್ಲಿ ವಾಲ್ವ್ ಇರಬಾರದು, ಟೀ ಇರಬಾರದು, ತುದಿಯಲ್ಲಿ ಥ್ರೆಡ್ ಕೂಡ ಇರಬಾರದು. ಥ್ರೆಡ್ ಯಾಕೆ? ಥ್ರೆಡ್ ಇದ್ದರೆ ಒಂದು ದಿನ ಯಾರೋ ಒಬ್ಬರು ‘ಇದು ತೊಟ್ಟಿಕ್ಕುತ್ತಾ ಇದೆ’ ಅಂತ ಅದಕ್ಕೊಂದು ಕ್ಯಾಪ್ ತಿರುಗಿಸಿಬಿಡ್ತಾರೆ. ಮನುಷ್ಯನ ಸ್ವಭಾವವನ್ನು ಲೆಕ್ಕಕ್ಕೆ ತಗೊಂಡು ಬರೆದ ನಿಯಮ ಇದು. ಇದೇ ಕಾರಣಕ್ಕೆ ಹೀಟರ್ ಮತ್ತು ರಿಲೀಫ್ ವಾಲ್ವ್ ನಡುವೆ ಯಾವ ಶಟ್ಆಫ್ ವಾಲ್ವೂ ಬರಬಾರದು. ಬಿಸಿನೀರಿನ ಕಡೆ ಐಸೊಲೇಶನ್ ವಾಲ್ವ್ ಹಾಕುವಾಗ ರಿಲೀಫ್ ವಾಲ್ವ್ ಅದಕ್ಕಿಂತ ಮುಂಚೆ, ಹೀಟರ್ ಪಕ್ಕದಲ್ಲೇ ಕೂರಬೇಕು.

ನೀರು ಎಲ್ಲೂ ನಿಲ್ಲಬಾರದು. ಪೈಪ್ ತನ್ನಷ್ಟಕ್ಕೆ ತಾನೇ ಇಳಿಜಾರಿನಲ್ಲಿ ಖಾಲಿಯಾಗಬೇಕು. ಯು ಆಕಾರದ ಬಾಗು, ಅಂದರೆ ಟ್ರ್ಯಾಪ್, ಇದ್ದರೆ ಒಮ್ಮೆ ವಾಲ್ವ್ ತೆರೆದು ಮುಚ್ಚಿದ ಮೇಲೆ ನೀರು ಅಲ್ಲೇ ಉಳಿಯುತ್ತೆ. ಚಳಿ ದೇಶದಲ್ಲಿ ಅದು ಹೆಪ್ಪುಗಟ್ಟಿದರೆ ಪೈಪಿಗೆ ಬಿರಡೆ ಹಾಕಿದಂತೆ. ಬೆಚ್ಚಗಿನ ಊರಲ್ಲೂ ನಿಂತ ನೀರು ತುಕ್ಕು, ಕಸ ಸೇರಿಸಿಕೊಳ್ಳುತ್ತೆ.

ತುದಿ ಕಣ್ಣಿಗೆ ಕಾಣಬೇಕು. ಕೋಡ್ ಪ್ರಕಾರ ತುದಿ ನೆಲದಿಂದ 6 ಇಂಚು, ಅಂದರೆ ಸುಮಾರು 150 ಮಿ.ಮೀ.ಗಿಂತ ಎತ್ತರದಲ್ಲಿರಬಾರದು. ಇಲ್ಲದಿದ್ದರೆ ಕುದಿನೀರು ಪಕ್ಕದಲ್ಲಿ ನಿಂತವರ ಕಾಲಿಗೆ ಸಿಡಿಯುತ್ತೆ. ಪೈಪಿನ ವ್ಯಾಸದ ಎರಡು ಪಟ್ಟಿಗಿಂತ ಕೆಳಗೂ ಇಳಿಯಬಾರದು. ಇಳಿದರೆ ಮೋರಿ ಕಟ್ಟಿಕೊಂಡಾಗ ತುದಿ ಕೊಳಚೆಯಲ್ಲಿ ಮುಳುಗುತ್ತೆ. ನಡುವಿನ ಈ ಖಾಲಿ ಜಾಗಕ್ಕೆ ಏರ್ ಗ್ಯಾಪ್ ಅಂತಾರೆ. ಕುಡಿಯುವ ನೀರಿನ ಲೈನಿಗೆ ಕೊಳಚೆ ಹಿಂದಕ್ಕೆ ಎಳೆಯದಂತೆ ತಡೆಯುವ, ಯಾವತ್ತೂ ಕೆಡದ ಉಪಕರಣ ಅದು: ಗಾಳಿ. ಜೊತೆಗೆ ವಾಲ್ವ್ ಸೋರುತ್ತಿದ್ದರೆ ಮನೆಯವರಿಗೆ ಕಾಣುತ್ತೆ, ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತೆ.

ಇನ್ನು ಪೈಪ್ ಯಾವುದರದ್ದು? ಸಾಮಾನ್ಯ ಪಿವಿಸಿ 60 ಡಿಗ್ರಿ ತನಕ ಮಾತ್ರ. ಕುದಿನೀರು ಬಿದ್ದರೆ ಮೆತ್ತಗಾಗಿ ಬಗ್ಗುತ್ತೆ. ತಾಮ್ರ ನಿಶ್ಚಿಂತೆ. ಕೋಡ್ ಮತ್ತು ತಯಾರಕರು ಒಪ್ಪಿದ ಕಡೆ ಸಿಪಿವಿಸಿ ಕೂಡ ನಡೆಯುತ್ತೆ.

ಎರಡನೆಯದು: ಕಂಡೆನ್ಸೇಟ್ ಪೈಪ್

ಗ್ಯಾಸ್ ಉರಿದರೆ ನೀರು ಹುಟ್ಟುತ್ತೆ. 16 ಗ್ರಾಂ ಮೀಥೇನ್ ಉರಿದರೆ 36 ಗ್ರಾಂ ನೀರಾವಿ, ಅಂದರೆ ಒಂದು ಕೆಜಿಗೆ 2.25 ಕೆಜಿ. ಹಳೇ ಹೀಟರ್‌ಗಳಲ್ಲಿ ಈ ಆವಿ ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತಿತ್ತು, ತನ್ನ ಲೇಟೆಂಟ್ ಹೀಟನ್ನೂ ಹೊತ್ತುಕೊಂಡು. ಕಂಡೆನ್ಸಿಂಗ್ ಹೀಟರ್‌ನಲ್ಲಿ ಎರಡನೇ ಹೀಟ್ ಎಕ್ಸ್‌ಚೇಂಜರ್ ಇರುತ್ತೆ. ಒಳಬರುವ ತಣ್ಣೀರು ಮೊದಲು ಅದರಲ್ಲಿ ಹಾದು ಹೊಗೆಯನ್ನು ತಣಿಸುತ್ತೆ, ಆವಿ ನೀರಾಗಿ ಇಳಿಯುತ್ತೆ, ಶಾಖ ವಾಪಸ್ ಸಿಗುತ್ತೆ. ಮೀಥೇನಿನ ಹೈಯರ್ ಹೀಟಿಂಗ್ ವ್ಯಾಲ್ಯೂ ಕೆಜಿಗೆ 55.5 ಮೆಗಾಜೂಲ್, ಲೋಯರ್ 50. ಥರ್ಮೊಡೈನಮಿಕ್ಸ್ ಪುಸ್ತಕದಲ್ಲಿ ಓದಿದ ಈ ಎರಡು ಸಂಖ್ಯೆಗಳ ವ್ಯತ್ಯಾಸವೇ ಇಲ್ಲಿ ಪೈಪಿನಿಂದ ತೊಟ್ಟಿಕ್ಕುವ ನೀರು.

ಎಷ್ಟು ನೀರು? 58 ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 3.8 ಕೆಜಿ ಮೀಥೇನ್ ಬೇಕು. ಪೂರ್ತಿ ಆವಿ ಇಳಿದರೆ ಗಂಟೆಗೆ ಎಂಟೂವರೆ ಲೀಟರ್. ನಿಜದಲ್ಲಿ ಇದರ ಒಂದು ಭಾಗ ಮಾತ್ರ ಇಳಿಯುತ್ತೆ. ಆದರೂ ಲೀಟರ್‌ಗಟ್ಟಲೆ ನೀರು, ಹನಿಗಳಲ್ಲ.

ನೋಡಲು ಶುದ್ಧ ನೀರು. ಆದರೆ ಹೊಗೆಯ ಮಧ್ಯೆ ಹುಟ್ಟಿದ್ದರಿಂದ ಕಾರ್ಬನ್ ಡೈಆಕ್ಸೈಡ್ ಕರಗಿ ಕಾರ್ಬಾನಿಕ್ ಆಮ್ಲ, ನೈಟ್ರೊಜನ್ ಆಕ್ಸೈಡುಗಳಿಂದ ಒಂಚೂರು ನೈಟ್ರಿಕ್ ಆಮ್ಲ ಸೇರಿರುತ್ತೆ. ಪಿಎಚ್ ಸಾಮಾನ್ಯವಾಗಿ 3ರಿಂದ 5. ಕೈಗೆ ಬಿದ್ದರೆ ಏನೂ ಆಗಲ್ಲ, ಹುಳಿ ಮೊಸರಿನ ಪಿಎಚ್ ಕೂಡ ಇದರೊಳಗೇ ಬರುತ್ತೆ. ಆದರೆ ತಾಮ್ರ, ಹಿತ್ತಾಳೆ, ಜಿಐ ಪೈಪಿನ ಮೇಲೆ ವರ್ಷಗಟ್ಟಲೆ ದಿನಾ ಹರಿದರೆ ತಿಂದುಹಾಕುತ್ತೆ, ಸಿಮೆಂಟ್ ಮೋರಿಯನ್ನೂ ಬಿಡೋದಿಲ್ಲ. ಹಾಗಾಗಿ ಈ ಪೈಪ್ ಪಿವಿಸಿಯಂಥ, ಆಮ್ಲ ತಿನ್ನದ ವಸ್ತುವಿನದ್ದೇ ಆಗಬೇಕು. ನೋಡಿ, ರಿಲೀಫ್ ಪೈಪಿಗೆ ತಾಮ್ರ ಸರಿ, ಪಿವಿಸಿ ತಪ್ಪು. ಇಲ್ಲಿ ಪಿವಿಸಿ ಸರಿ, ತಾಮ್ರ ತಪ್ಪು.

ಉಲ್ಟಾ ಇಷ್ಟಕ್ಕೇ ನಿಲ್ಲೋದಿಲ್ಲ. ರಿಲೀಫ್ ಪೈಪಿನಲ್ಲಿ ಟ್ರ್ಯಾಪ್ ಇರಲೇಬಾರದು, ಕಂಡೆನ್ಸೇಟ್ ದಾರಿಯಲ್ಲಿ ಟ್ರ್ಯಾಪ್ ಇರಲೇಬೇಕು. ಯಾಕೆಂದರೆ ಈ ಪೈಪಿನ ಇನ್ನೊಂದು ತುದಿ ಹೊಗೆಯ ಕೋಣೆಗೇ ತೆರೆದಿದೆ. ಫ್ಯಾನ್ ಒತ್ತಡಕ್ಕೆ ಹೊಗೆಗೆ ಚಿಮಣಿಯ ಜೊತೆ ಇದೂ ಒಂದು ದಾರಿ. ಬರ್ನರ್ ಸರಿಯಾಗಿ ಉರಿಯದಿದ್ದರೆ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಟ್ರ್ಯಾಪಿನಲ್ಲಿ ನಿಂತ ನೀರೇ ಬಾಗಿಲು. ಎಷ್ಟು ಎತ್ತರದ ನೀರು ಬೇಕು? ಫ್ಯಾನ್ ಒತ್ತಡ 300 ಪಾಸ್ಕಲ್ ಅಂತ ಇಟ್ಟುಕೊಂಡರೆ, 300 ಭಾಗಿಸು 9810, ಸುಮಾರು 31 ಮಿ.ಮೀ. ಅದಕ್ಕಿಂತ ಜಾಸ್ತಿ ಎತ್ತರದ ಸೀಲ್ ಬೇಕು. ಬಹಳಷ್ಟು ಹೀಟರ್‌ಗಳಲ್ಲಿ ಟ್ರ್ಯಾಪ್ ಒಳಗೇ ಇರುತ್ತೆ. ಆದರೆ ಹೊಸದಾಗಿ ಕೂರಿಸಿದಾಗ, ಅಥವಾ ತಿಂಗಳುಗಟ್ಟಲೆ ಬಳಸದೆ ಬಿಟ್ಟಾಗ, ಅದು ಒಣಗಿರಬಹುದು. ಚಾಲೂ ಮಾಡುವ ಮುಂಚೆ ನೀರು ತುಂಬಿಸಬೇಕು. ಒಂದು ಲೋಟ ನೀರಿನ ಕೆಲಸ, ಒಂದು ಜೀವದ ಪ್ರಶ್ನೆ.

ಒಳಗೆ ಟ್ರ್ಯಾಪ್ ಇದೆ ಅಂತ ಗೊತ್ತಿಲ್ಲದೆ ಹೊರಗೆ ಇನ್ನೊಂದು ಹಾಕಿದರೆ ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ಮುಂದೆ ಹೋಗೋದಿಲ್ಲ. ಹಿಂದಕ್ಕೆ ತುಂಬಿ ಎಕ್ಸ್‌ಚೇಂಜರ್ ಸೇರಿ ಹೀಟರ್ ನಿಂತುಹೋಗುತ್ತೆ. ಅದಕ್ಕೇ ಟ್ರ್ಯಾಪ್ ಆದಮೇಲೆ ಏರ್ ಗ್ಯಾಪ್ ಬಿಟ್ಟು, ಆಮೇಲೆ ಮೋರಿ. ಇಳಿಜಾರು ಅಡಿಗೆ ಕಾಲು ಇಂಚು, ಅಂದರೆ ನೂರಕ್ಕೆ ಎರಡು, ಇದ್ದರೆ ಒಳ್ಳೆಯದು.

ಮೋರಿಗೆ ಬಿಡುವ ಮುಂಚೆ ಆಮ್ಲವನ್ನು ತಣಿಸಲು ದಾರಿಯಲ್ಲಿ ಒಂದು ಡಬ್ಬಿ ಇಡ್ತಾರೆ. ಒಳಗೆ ಸುಣ್ಣಕಲ್ಲು ಅಥವಾ ಅಮೃತಶಿಲೆಯ ಚೂರುಗಳು. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತಾ ಪಿಎಚ್ ಏರಿಸುತ್ತೆ. ಕಲ್ಲು ಸವೆದಂತೆಲ್ಲ ಮತ್ತೆ ತುಂಬಬೇಕು. ಸವೆದು ಪುಡಿಯಾದ ಕಲ್ಲು ದಾರಿ ಕಟ್ಟದಂತೆ ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು.

ಮೂರನೆಯದು: ಸರ್ವಿಸ್ ಡ್ರೈನ್

ಈಗ ಒಂದು ಚಂದದ ವಿಷಯ. ನ್ಯೂಟ್ರಲೈಸರ್ ಡಬ್ಬಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿದ ನೀರು ಸುಣ್ಣಕಲ್ಲನ್ನು ಕರಗಿಸಿ ಬೈಕಾರ್ಬೊನೇಟ್ ಮಾಡುತ್ತೆ. ಅದೇ ಹೀಟರ್‌ನ ನೀರಿನ ಕೊಳವೆಯಲ್ಲಿ ಗಡಸು ನೀರು ಬಿಸಿಯಾದಾಗ ಬೈಕಾರ್ಬೊನೇಟ್ ಒಡೆದು, ಕಾರ್ಬನ್ ಡೈಆಕ್ಸೈಡ್ ಹೊರಹೋಗಿ, ಸುಣ್ಣಕಲ್ಲು ಗೋಡೆಗೆ ಅಂಟುತ್ತೆ. ಕ್ರಿಯೆ ಒಂದೇ, ದಿಕ್ಕು ಮಾತ್ರ ಬೇರೆ. ಒಂದು ಕಡೆ ನಾವೇ ಕಲ್ಲು ತಂದು ಹಾಕ್ತೀವಿ, ಇನ್ನೊಂದು ಕಡೆ ಕಲ್ಲು ಬೇಡ ಅಂದರೂ ಬರುತ್ತೆ.

ಎಷ್ಟು ಬರುತ್ತೆ? ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇರುವ ನೀರು ಅಂದುಕೊಳ್ಳಿ. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500 ಇದಕ್ಕೆ 200 ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ನಡೆದೀತು ಅನ್ನುತ್ತೆ. ಹಾಗಾಗಿ ಬೋರ್‌ವೆಲ್ ಬಳಸುವ ನಮಗೆ 300 ಅಚ್ಚರಿಯ ಸಂಖ್ಯೆ ಅಲ್ಲ. ದಿನಕ್ಕೆ 200 ಲೀಟರ್ ಕಾಯಿಸಿದರೆ 60 ಗ್ರಾಂ ಖನಿಜ ಹಾದುಹೋಗುತ್ತೆ. ನೂರಕ್ಕೆ ಒಂದರಷ್ಟು ಮಾತ್ರ ಅಂಟಿದರೂ ವರ್ಷಕ್ಕೆ ಸುಮಾರು 220 ಗ್ರಾಂ. ಈ ಪದರದ ಥರ್ಮಲ್ ಕಂಡಕ್ಟಿವಿಟಿ ಸುಮಾರು 2, ತಾಮ್ರದ್ದು ಸುಮಾರು 400. ಒಂದು ಮಿ.ಮೀ. ಸುಣ್ಣದ ಪದರ ಶಾಖಕ್ಕೆ ಒಡ್ಡುವ ತಡೆ, 200 ಮಿ.ಮೀ. ದಪ್ಪದ ತಾಮ್ರ ಒಡ್ಡುವಷ್ಟು! ಉರಿ ಇರುವ ಕಡೆಯ ಲೋಹ ಸುಡುತ್ತಾ ಹೋಗುತ್ತೆ, ನೀರು ಮಾತ್ರ ಕಾಯೋದಿಲ್ಲ.

ಅದಕ್ಕೇ ತಣ್ಣೀರು, ಬಿಸಿನೀರು ಎರಡೂ ಕಡೆ ಐಸೊಲೇಶನ್ ವಾಲ್ವ್, ಪ್ರತಿಯೊಂದಕ್ಕೂ ಹೋಸ್ ಸಿಕ್ಕಿಸುವ ಸಣ್ಣ ಡ್ರೈನ್ ಪೋರ್ಟ್ ಹಾಕ್ತಾರೆ. ಸರ್ವಿಸ್ ದಿನ ಗ್ಯಾಸ್, ಕರೆಂಟ್ ಆಫ್ ಮಾಡಿ, ಎರಡೂ ವಾಲ್ವ್ ಮುಚ್ಚಿ, ನೀರು ಆರಿದ ಮೇಲೆ ಪೋರ್ಟ್ ತೆರೆದು ಒತ್ತಡ ಇಳಿಸಬೇಕು. ಆಮೇಲೆ ಬಕೆಟ್ಟಿನಿಂದ ಸಣ್ಣ ಪಂಪ್ ಮೂಲಕ ತಣ್ಣೀರಿನ ಪೋರ್ಟಿಗೆ ವಿನೆಗರ್ ತಳ್ಳಿದರೆ ಬಿಸಿನೀರಿನ ಪೋರ್ಟಿನಿಂದ ಅದೇ ಬಕೆಟ್ಟಿಗೆ ವಾಪಸ್ ಬರುತ್ತೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೀಗೆ ಸುತ್ತಿಸಿ, ಕೊನೆಗೆ ಶುದ್ಧ ನೀರಲ್ಲಿ ತೊಳೆಯಬೇಕು. ನೂರಕ್ಕೆ 5ರಷ್ಟು ಅಸಿಟಿಕ್ ಆಮ್ಲ ಇರುವ 10 ಲೀಟರ್ ವಿನೆಗರ್ ಲೆಕ್ಕದ ಪ್ರಕಾರ ಸುಮಾರು 400 ಗ್ರಾಂ ಸುಣ್ಣ ಕರಗಿಸಬಲ್ಲದು. ಮೇಲಿನ 220 ಗ್ರಾಂಗೆ ಧಾರಾಳ ಸಾಕು. ಬೇಗ ಆಗಲಿ ಅಂತ ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆಸಿಡ್ ಹಾಕಬೇಡಿ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತೆ.

ಇಲ್ಲಿ ಪೈಪ್ ಬೇಕಿಲ್ಲ, ಹೋಸ್ ಸಾಕು. ಆದರೆ ಹೋಸ್ ಮುಟ್ಟುವಷ್ಟು ಹತ್ತಿರದಲ್ಲಿ ಫ್ಲೋರ್ ಡ್ರೈನ್, ಬಕೆಟ್ ಇಡಲು ಜಾಗ ಡ್ರಾಯಿಂಗ್‌ನಲ್ಲೇ ಇರಬೇಕು. ಜಾಗ ಇಲ್ಲದ ಕಡೆ ಸರ್ವಿಸ್ ಆಗೋದಿಲ್ಲ, ಅಷ್ಟೇ.

ಹಾಗಾದರೆ ಟೀ ಹಾಕಿದರೆ ಏನಾಗುತ್ತೆ?

ಈಗ ಮೊದಲ ಪ್ರಶ್ನೆಗೆ ನೀವೇ ಉತ್ತರ ಹೇಳಬಹುದು. ರಿಲೀಫ್ ಮತ್ತು ಕಂಡೆನ್ಸೇಟ್ ಸೇರಿಸಿದರೆ ವಾಲ್ವ್ ತೆರೆದಾಗ ಕುದಿನೀರು ಪಿವಿಸಿಯನ್ನು ಬಗ್ಗಿಸುತ್ತೆ, ಟ್ರ್ಯಾಪ್ ಮೂಲಕ ಹಿಂದಕ್ಕೆ ನುಗ್ಗಿ ಹೊಗೆಯ ಕೋಣೆ ಸೇರುತ್ತೆ. ಮಿಕ್ಕ ದಿನಗಳಲ್ಲಿ ಆಮ್ಲದ ತೇವ ಹಿತ್ತಾಳೆ ವಾಲ್ವ್‌ನ ಬಾಯನ್ನು ನಿಧಾನವಾಗಿ ಕಚ್ಚಿ ಅಂಟಿಸಿಬಿಡುತ್ತೆ. ಬೇಕಾದ ದಿನ ಅದು ತೆರೆಯೋದಿಲ್ಲ. ಸರಿಯಾದ ಉಪಾಯ ಸರಳ: ಎಲ್ಲವೂ ಒಂದೇ ಫ್ಲೋರ್ ಡ್ರೈನ್ ಮೇಲೆ ಬೀಳಲಿ, ಆದರೆ ಪ್ರತಿಯೊಂದೂ ತನ್ನದೇ ಪೈಪಿನಲ್ಲಿ ಬಂದು, ತನ್ನದೇ ಏರ್ ಗ್ಯಾಪ್ ದಾಟಿ ಬೀಳಲಿ.

ನಮ್ಮ ಮನೆಗಳ ಮಾತು

ನಮ್ಮಲ್ಲಿನ ಬಚ್ಚಲುಮನೆಯ ಗ್ಯಾಸ್ ಗೀಸರ್‌ಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ಅಲ್ಲ, ಅವುಗಳಲ್ಲಿ ಎರಡನೇ ಪೈಪ್ ಹುಡುಕಬೇಡಿ. ಕಾರ್ಬನ್ ಮೊನಾಕ್ಸೈಡ್ ಅಪಾಯ ಮಾತ್ರ ಅಲ್ಲೂ ಪೂರ್ತಿ ಇದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದನ್ನು ಉರಿಸಲೇಬಾರದು.

ಮೊದಲನೇ ಪಾಠ ಮಾತ್ರ ನಮ್ಮ ಕರೆಂಟ್ ಗೀಸರ್‌ಗೂ ಹಾಗೆಹಾಗೇ ಅನ್ವಯ. 20ರಿಂದ 60 ಡಿಗ್ರಿಗೆ ಕಾದರೆ ನೀರು ನೂರಕ್ಕೆ ಒಂದೂವರೆಯಷ್ಟು ಹಿಗ್ಗುತ್ತೆ. 25 ಲೀಟರ್ ಗೀಸರ್‌ನಲ್ಲಿ ಅದು 375 ಮಿಲಿಲೀಟರ್. ಮಾಳಿಗೆ ಮೇಲಿನ ಟ್ಯಾಂಕಿನಿಂದ ನೇರ ನೀರು ಬರುವ ಮನೆಯಲ್ಲಿ, ದಾರಿಯಲ್ಲಿ ನಾನ್-ರಿಟರ್ನ್ ವಾಲ್ವ್ ಇಲ್ಲದಿದ್ದರೆ, ಈ ನೀರು ಸದ್ದಿಲ್ಲದೆ ಹಿಂದಕ್ಕೆ ಟ್ಯಾಂಕ್ ಕಡೆ ಹೋಗುತ್ತೆ. ಆದರೆ ಪ್ರೆಶರ್ ಪಂಪ್ ಹಾಕಿಸಿದಾಗ ಅದರ ಜೊತೆ ನಾನ್-ರಿಟರ್ನ್ ವಾಲ್ವ್ ಬರುತ್ತೆ, ಹಿಂದಿನ ದಾರಿ ಮುಚ್ಚುತ್ತೆ. ಆಗ ಗೀಸರ್ ಕೆಳಗಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕಲು ಶುರು. ‘ಮೊನ್ನೆವರೆಗೆ ಸರಿ ಇತ್ತು, ಈಗ ಲೀಕ್’ ಅಂತ ಅದಕ್ಕೆ ಎಂಡ್ ಕ್ಯಾಪ್ ಹಾಕಿಸುವವರಿದ್ದಾರೆ. ಕಾಯುವಾಗ ಮಾತ್ರ ತೊಟ್ಟಿಕ್ಕಿ, ಕಾದಮೇಲೆ ನಿಂತರೆ ವಾಲ್ವ್ ಕೆಟ್ಟಿಲ್ಲ, ತನ್ನ ಕೆಲಸ ಮಾಡ್ತಾ ಇದೆ. ಬೇಕಿದ್ದರೆ ಸಣ್ಣ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಹಾಕಿಸಿ. ಕಾಯದಿದ್ದಾಗಲೂ ಬಿಡದೆ ಸೋರಿದರೆ ಬದಲಾಯಿಸಿ. ಮುಚ್ಚಬೇಡಿ.

ಊರಿಗೆ ಹೋದಾಗ, ಪಿಜಿಯಲ್ಲಿ, ಹಾಸ್ಟೆಲಲ್ಲಿ ನೋಡಬೇಕಾದ್ದು ಇಷ್ಟು:

1. ಸೇಫ್ಟಿ ವಾಲ್ವ್‌ನ ಬಾಯಿ ತೆರೆದಿದೆಯಾ, ಕ್ಯಾಪ್ ಅಥವಾ ಎಂ-ಸೀಲ್ ಮೆತ್ತಿದ್ದಾರಾ?
2. ಅದರಿಂದ ಬರುವ ಬಿಸಿನೀರು ಯಾರ ತಲೆ ಮೇಲೂ ಬೀಳದೆ ನೆಲದ ಹತ್ತಿರ ಇಳಿಯುತ್ತಾ?
3. ಹೀಟರ್ ಮತ್ತು ವಾಲ್ವ್ ನಡುವೆ ಮುಚ್ಚಬಲ್ಲ ಕಾಕ್ ಇದೆಯಾ?
4. ಪ್ರೆಶರ್ ಪಂಪ್ ಇದ್ದರೆ ಹಿಗ್ಗಿದ ನೀರು ಎಲ್ಲಿಗೆ ಹೋಗುತ್ತೆ?

ಒಂದು ಲೆಕ್ಕ ನಿಮಗೆ ಬಿಟ್ಟಿದೆ. ನಿಮ್ಮ ಮನೆಯ ಗೀಸರ್‌ನ ಲೀಟರ್ ಮತ್ತು ಕಿಲೋವ್ಯಾಟ್ ಬರೆದುಕೊಳ್ಳಿ. ಥರ್ಮೊಸ್ಟಾಟ್ ಕೆಟ್ಟು ಹೀಟರ್ ಆನ್ ಆಗಿಯೇ ಉಳಿದರೆ 100 ಡಿಗ್ರಿ ಮುಟ್ಟಲು ಎಷ್ಟು ನಿಮಿಷ? ಉತ್ತರ ಬಂದಮೇಲೆ ಸೇಫ್ಟಿ ವಾಲ್ವ್‌ನ ಬಾಯಿ ನೋಡಿ ಬನ್ನಿ.